ಪುಸ್ತಕದ ಮನೆಯಲ್ಲಿ ನೃತ್ಯ

ಗ್ರಂಥಾಲಯದ ಹೊಸ್ತಿಲು ದಾಟಿದ ಕೂಡಲೇ ನಾವು ದನಿ ತಗ್ಗಿಸುತ್ತೇವೆ, ಹೆಜ್ಜೆ ಹಗುರ ಮಾಡುತ್ತೇವೆ. ಗೋಡೆಯ ಮೇಲಿನ ‘ನಿಶ್ಶಬ್ದ’ ಎಂಬ ಫಲಕವನ್ನು ಓದಲು ಬಾರದ ಕೂಸು ಕೂಡ ಅಲ್ಲಿ ಮೆಲ್ಲಗೆ ನಡೆಯುತ್ತದೆ. ಅಂಥ ಜಾಗದಲ್ಲಿ ನೃತ್ಯ ಮಾಡಿಸೋಣ ಎಂದರೆ ನಮ್ಮ ಬೀದರಿನ ಹಿರಿಯರು ಮೊದಲು ಕೇಳುವುದು ಇದನ್ನೇ: “ಅಲ್ರೀ, ಓದೋ ಜಾಗದಾಗ ಕುಣಿಯೋದಂದ್ರ ಹ್ಯಾಂಗ್ರೀ?” ಪ್ರಶ್ನೆ ನ್ಯಾಯವಾದದ್ದು. ಇವತ್ತು ನನಗೆ ಸಿಕ್ಕಿರುವ ಈ ಸಮಯವನ್ನು ಅದಕ್ಕೆ ಉತ್ತರ ಹೇಳುವುದಕ್ಕೇ ಮೀಸಲಿಡುತ್ತೇನೆ.

ನೃತ್ಯದಲ್ಲಿ ಒಂದು ಬಗೆ ಇದೆ. ಅದನ್ನು ಒಂದು ನಿರ್ದಿಷ್ಟ ಜಾಗಕ್ಕೆಂದೇ ಕಟ್ಟುತ್ತಾರೆ. ಆ ಜಾಗದ ಕಂಬ, ಮೆಟ್ಟಿಲು, ಕಿಟಕಿ, ಬೆಳಕು, ಅಲ್ಲಿ ದಿನಾ ನಡೆಯುವ ಕೆಲಸ, ಅಲ್ಲಿಗೆ ಬಂದು ಹೋಗುವ ಜನ, ಇವೆಲ್ಲ ಸೇರಿ ಆ ನೃತ್ಯ ಹುಟ್ಟುತ್ತದೆ. ಅದನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ಆಡಿಸಿದರೆ ಅರ್ಥವೇ ಕಳೆದುಹೋಗುತ್ತದೆ. ಕೋಟೆಯ ಮುಂದೆ, ಗುಡಿಯ ಮುಂದೆ ದೊಡ್ಡ ವೇದಿಕೆ ಕಟ್ಟಿ ಮಾಡುವ ಉತ್ಸವಗಳು ಬೇರೆ. ಖಜುರಾಹೊದಲ್ಲಿ 1975ರಿಂದ ನೃತ್ಯೋತ್ಸವ ನಡೆದುಕೊಂಡು ಬಂದಿದೆ, ಹಂಪಿಯಲ್ಲೂ ನಮ್ಮ ಬೀದರಿನಲ್ಲೂ ಉತ್ಸವಗಳು ನಡೆಯುತ್ತವೆ. ಅವು ನಮಗೆ ಬೇಕು, ನಡೆಯುತ್ತಲೇ ಇರಬೇಕು. ಆದರೆ ಅಲ್ಲಿ ಸ್ಮಾರಕ ಹಿಂದಿನ ಪರದೆಯಾಗಿ ನಿಂತಿರುತ್ತದೆ. ನಾನು ಹೇಳುತ್ತಿರುವ ನೃತ್ಯದಲ್ಲಿ ಕಟ್ಟಡವೇ ಒಂದು ಪಾತ್ರ ವಹಿಸುತ್ತದೆ.

ಹೊರದೇಶಗಳಲ್ಲಿ ಈ ಪ್ರಯೋಗಕ್ಕೆ ಅರ್ಧ ಶತಮಾನ ದಾಟಿದ ಚರಿತ್ರೆ ಇದೆ. ನ್ಯೂಯಾರ್ಕಿನ ನೃತ್ಯ ಸಂಯೋಜಕಿ ತ್ರಿಶಾ ಬ್ರೌನ್ 1970ರಲ್ಲಿ ಏಳಂತಸ್ತಿನ ಕಟ್ಟಡದ ಹೊರಗೋಡೆಯ ಮೇಲೆ ಒಬ್ಬ ನರ್ತಕನನ್ನು ಹಗ್ಗದ ಆಧಾರದಲ್ಲಿ ಮೇಲಿನಿಂದ ಕೆಳಗೆ ನಡೆಸಿದರು. ಸ್ಟೀಫನ್ ಕೊಪ್ಲೊವಿಟ್ಜ್ ಎಂಬುವರು 1987ರಲ್ಲಿ ಅದೇ ಊರಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಎತ್ತರದ ಗಾಜಿನ ಕಿಟಕಿಗಳ ನಡುವೆ ನರ್ತಕರನ್ನು ನಿಲ್ಲಿಸಿದರು. ರೈಲು ಹಿಡಿಯಲು ಬಂದವರೇ ಅದರ ಪ್ರೇಕ್ಷಕರು. ಅವರೇ 1998ರಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆಂದು ‘ಬ್ಯಾಬೆಲ್ ಇಂಡೆಕ್ಸ್’ ಎಂಬ ನೃತ್ಯವನ್ನು ಕಟ್ಟಿದರು. ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲಿ ಒಂದು ಕುಣಿತಕ್ಕೆ ಜಾಗ ಕೊಟ್ಟಿತು. ಅದರಿಂದ ಪುಸ್ತಕಗಳ ಗೌರವಕ್ಕೇನೂ ಕುಂದು ಬರಲಿಲ್ಲ.

ಹಾಗಂತ ಇದು ಪರದೇಶದ ಸರಕು ಎಂದುಕೊಳ್ಳಬೇಡಿ. ಮೊಹರಂ ಬಂದಾಗ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಅದರ ಸುತ್ತ ಹಿಂದೂ ಮುಸ್ಲಿಂ ಎನ್ನದೆ ಗಂಡುಮಕ್ಕಳು ಹೆಜ್ಜೆ ಹಾಕುತ್ತಾರೆ. ಆ ಹೆಜ್ಜೆಗಳಿಗೆ ಆ ಕುಣಿಯೇ ನಡುಬಿಂದು. ಕುಣಿ ಇಲ್ಲದ ಕಡೆ ಆ ಕುಣಿತವೂ ಇಲ್ಲ. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುತ್ತಾ ಕುಣಿಯುವುದು ಪಲ್ಲಕ್ಕಿಯ ದಾರಿಯಲ್ಲಿ, ಅಗ್ನಿಯ ಮುಂದೆ. ಜಾಗಕ್ಕೆ ತಕ್ಕ ಕುಣಿತ ನಮ್ಮ ಜನಕ್ಕೆ ಗೊತ್ತಿರುವ ವಿದ್ಯೆಯೇ. ಅದನ್ನು ಪುಸ್ತಕದ ಮನೆಯೊಳಗೆ ಕರೆದುಕೊಂಡು ಹೋಗುವುದೊಂದೇ ಹೊಸದು.

ಪುಸ್ತಕಕ್ಕೂ ನೃತ್ಯಕ್ಕೂ ನಂಟು ಎಲ್ಲಿಯದು ಎಂದು ಯಾರಾದರೂ ಕೇಳಿದರೆ ಬೀದರ ಜಿಲ್ಲೆಯವರು ತಲೆಯೆತ್ತಿ ಉತ್ತರ ಹೇಳಬಹುದು. ಇಂದಿನ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ರಚಿಸಿದ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ರಾಜ್ಯಾಡಳಿತದಿಂದ ಅಡುಗೆಯವರೆಗೆ ಎಲ್ಲವೂ ಅದರಲ್ಲಿದೆ. ನೃತ್ಯಕ್ಕೆಂದೇ ‘ನೃತ್ಯವಿನೋದ’ ಎಂಬ ಪ್ರಕರಣವೂ ಇದೆ. ನಟ, ನರ್ತಕ, ನರ್ತಕಿಯರ ಸಾಲಿನಲ್ಲೇ ಆ ದೊರೆ ವೈತಾಳಿಕರನ್ನು, ಚಾರಣರನ್ನು, ಕಸರತ್ತು ಮಾಡುವವರನ್ನು ಸೇರಿಸಿದ. ಅರಮನೆಯ ನೃತ್ಯದ ಜತೆಗೆ ಬೀದಿಯ ಗೊಂದಲಿ ಕುಣಿತವೂ ಆ ಗ್ರಂಥದಲ್ಲಿ ದಾಖಲಾಯಿತು. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಮೈಯ ಚಲನೆಯನ್ನು ಅಕ್ಷರಕ್ಕೆ ಇಳಿಸಿ ಮುಂದಿನವರಿಗೆ ಕೊಡಬೇಕೆಂಬ ಹಂಬಲ ಒಂಬತ್ತು ಶತಮಾನಗಳ ಹಿಂದೆಯೇ ಈ ಮಣ್ಣಿನಲ್ಲಿತ್ತು.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಈಶ್ವರ ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ಮದನಿಕೆಯರು ಸಾಲಾಗಿ ನಿಂತಿದ್ದಾರೆ. ಅವರಲ್ಲಿ ಒಬ್ಬಳನ್ನು ನೀವು ಹೋಗಿ ನೋಡಲೇಬೇಕು. ನರ್ತಕಿಯ ಹಾಗೆ ಮೈ ಬಳುಕಿಸಿ ನಿಂತಿದ್ದಾಳೆ, ಆಭರಣ ತೊಟ್ಟಿದ್ದಾಳೆ. ಆದರೆ ಅವಳ ಕೈಯಲ್ಲಿ ಕನ್ನಡಿಯೂ ಇಲ್ಲ, ಗಿಳಿಯೂ ಇಲ್ಲ. ಎದುರಿನ ಫಲಕದ ಮೇಲೆ ಅವಳು ಬರೆಯುತ್ತಿದ್ದಾಳೆ. ಬರೆದದ್ದು ಸುಮ್ಮನೆ ಗೀಚಿದ ಗೆರೆಗಳಲ್ಲ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ ಅದು, ಇಂದಿಗೂ ಓದಲು ಬರುತ್ತದೆ. ಶಿಲ್ಪಿ ನೃತ್ಯದ ಭಂಗಿಯನ್ನೂ ಬರವಣಿಗೆಯನ್ನೂ ಒಂದೇ ಹೆಣ್ಣಿನ ಮೈಯಲ್ಲಿ ಕೂಡಿಸಿದ್ದಾನೆ. ಭರತನಾಟ್ಯ ಕಲಿತವರು ಚಿತ್ರ ಬರೆಯುವುದನ್ನು ತೋರಿಸಲು ಹೆಬ್ಬೆರಳು ತೋರುಬೆರಳು ಜೋಡಿಸಿ ಹಂಸಾಸ್ಯ ಹಸ್ತ ಹಿಡಿಯುತ್ತಾರೆ. ಬರೆಯುವುದೂ ಓದುವುದೂ ಮೈಯಿಂದಲೇ ಆಗುವ ಕೆಲಸಗಳು ಎಂದು ಜಲಸಂಗ್ವಿಯ ಆ ಹೆಣ್ಣು ಹೇಳುತ್ತಿದ್ದಾಳೆ. ನನ್ನ ಮಾತಿನ ತಿರುಳೂ ಇದೇ.

ಈಗ ಬೀದರ ನಗರಕ್ಕೆ ಬರೋಣ. ನಮ್ಮ ಊರಿನ ಗ್ರಂಥಾಲಯದ ಕಥೆ ಮಹಮೂದ್ ಗವಾನನ ಮದರಸಾದಿಂದ ಶುರುವಾಗಬೇಕು. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ ಅದನ್ನು 1472ರಲ್ಲಿ ಕಟ್ಟಿ ಮುಗಿಸಿದ. ಉದ್ದ ಸುಮಾರು 205 ಅಡಿ, ಅಗಲ 180 ಅಡಿ. ನಡುವೆ ತೆರೆದ ಅಂಗಳ, ಸುತ್ತ ಮೂರು ಅಂತಸ್ತು. ಪಾಠದ ಕೋಣೆಗಳು, ವಿದ್ಯಾರ್ಥಿಗಳ ವಸತಿ, ಮಸೀದಿ, ಅದರ ಜತೆಗೆ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೆಸರಾದ ಗ್ರಂಥಾಲಯ. 1481ರಲ್ಲಿ ಸುಳ್ಳು ಆರೋಪಕ್ಕೆ ಸಿಕ್ಕಿ ಗವಾನನ ತಲೆ ಹೋಯಿತು. 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಪಾಲು ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಅದರ ಮೇಲೆ ಅಂಕುಡೊಂಕಾಗಿ ಸುತ್ತಿದ ಬಣ್ಣದ ಹೆಂಚುಗಳು ಅಲ್ಲಲ್ಲಿ ಈಗಲೂ ಹೊಳೆಯುತ್ತವೆ.

ಆ ಮದರಸಾದೊಳಗೆ ಕುಣಿಯಬೇಕೆಂದು ನಾನು ಹೇಳುತ್ತಿಲ್ಲ. ಅದು ಪ್ರಾರ್ಥನೆಯ ಜಾಗವನ್ನು ಒಳಗೊಂಡ ಸಂರಕ್ಷಿತ ಸ್ಮಾರಕ, ಅದಕ್ಕೆ ಅದರದೇ ಮರ್ಯಾದೆ ಇದೆ. ಆದರೆ ನೃತ್ಯ ಕಲಿಸುವ ಗುರುಗಳು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಕಮಾನಿನ ಕೆಳಗೆ ನಿಂತಾಗ ಬೆನ್ನು ತಾನಾಗಿ ಹೇಗೆ ನೆಟ್ಟಗಾಗುತ್ತದೆ, ಅಂಗಳಕ್ಕೆ ಇಳಿದಾಗ ಕಣ್ಣು ಹೇಗೆ ಮೇಲಕ್ಕೆ ಹೋಗುತ್ತದೆ, ಕಿರಿದಾದ ಮೆಟ್ಟಿಲಲ್ಲಿ ಭುಜ ಹೇಗೆ ಒಳಕ್ಕೆ ಸರಿಯುತ್ತದೆ ಎಂದು ಮಕ್ಕಳು ತಾವೇ ಗಮನಿಸಲಿ. ಓದಿಗೆಂದು ಕಟ್ಟಿದ ಮನೆ ಓದುವವನ ಮೈಯನ್ನೂ ತಿದ್ದುತ್ತದೆ. ಅದು ತಿಳಿದ ಮೇಲೆ ನಮ್ಮ ಈಗಿನ ಗ್ರಂಥಾಲಯಕ್ಕೆ ಬಂದು ನೃತ್ಯ ಕಟ್ಟಲಿ.

ಜಿಲ್ಲಾ ಗ್ರಂಥಾಲಯದ ಪತ್ರಿಕಾ ವಿಭಾಗದಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿ. ಒಬ್ಬರು ಉರ್ದು ಪತ್ರಿಕೆ ಬಿಡಿಸಿದ್ದಾರೆ, ಅವರ ಕಣ್ಣು ಬಲದಿಂದ ಎಡಕ್ಕೆ ಓಡುತ್ತದೆ. ಪಕ್ಕದವರ ಕೈಯಲ್ಲಿ ಕನ್ನಡ ಪತ್ರಿಕೆ, ಅವರ ಕಣ್ಣು ಎಡದಿಂದ ಬಲಕ್ಕೆ. ಇನ್ನೊಬ್ಬರು ಮರಾಠಿ ಪತ್ರಿಕೆಯ ತಲೆಗೆರೆಗೆ ಜೋತುಬಿದ್ದ ಅಕ್ಷರಗಳ ಕೆಳಗೆ ಬೆರಳಾಡಿಸುತ್ತಿದ್ದಾರೆ. ಆಚೆ ಮೇಜಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು. ಕತ್ತು ಬಾಗಿದೆ, ಮೊಣಕೈ ಮೇಜಿಗೆ ಊರಿದೆ, ತುಟಿ ಸದ್ದಿಲ್ಲದೆ ಅಲುಗುತ್ತಿದೆ. ಕಾಲಿನ ಹೆಬ್ಬೆರಳು ಮಾತ್ರ ಮೇಜಿನ ಕೆಳಗೆ ಯಾವುದೋ ತಾಳ ಹಾಕುತ್ತಿದೆ. ಇಷ್ಟು ಸಾಕು, ನೃತ್ಯ ಸಂಯೋಜಕರಿಗೆ ಇದಕ್ಕಿಂತ ಬೇರೆ ವಸ್ತು ಬೇಕಿಲ್ಲ. ಬಲದಿಂದ ಒಬ್ಬ ನರ್ತಕಿ, ಎಡದಿಂದ ಇನ್ನೊಬ್ಬಳು, ಕಪಾಟುಗಳ ನಡುವಿನ ಕಿರುದಾರಿಯಲ್ಲಿ ನಡೆದು ಬರುತ್ತಾರೆ. ಇಬ್ಬರೂ ಎದುರಾದಾಗ ಒಬ್ಬರಿಗೊಬ್ಬರು ಹೇಗೆ ದಾರಿ ಬಿಡುತ್ತಾರೆ? ಬೀದರಿನ ಬಾಳ್ವೆಯೆಲ್ಲ ಆ ಒಂದು ಚಲನೆಯಲ್ಲಿದೆ. ಉರ್ದು, ಕನ್ನಡ, ಮರಾಠಿ ಒಂದೇ ಮೇಜು ಹಂಚಿಕೊಂಡು ಕೂರುವ ಊರು ನಮ್ಮದು. ಇದನ್ನು ಭಾಷಣದಲ್ಲಿ ಹೇಳಿದರೆ ಒಣಮಾತಾಗುತ್ತದೆ. ಮೈಯಿಂದ ತೋರಿಸಿದರೆ ಮನಸ್ಸಿಗೆ ತಾಕುತ್ತದೆ.

ಇಂಥ ನೃತ್ಯಕ್ಕೆ ಧ್ವನಿವರ್ಧಕ ಬೇಡ. ಗೆಜ್ಜೆಯನ್ನೂ ಕಟ್ಟದಿರುವುದೇ ಒಳ್ಳೆಯದು. ಹಾಳೆ ಮಗುಚುವ ಸದ್ದು, ಕುರ್ಚಿ ಸರಿಸುವ ಸದ್ದು, ಪುಸ್ತಕ ಕೊಡುವಾಗ ತಾರೀಖಿನ ಮೊಹರು ಒತ್ತುವ ಸದ್ದು, ಇವೇ ಅಲ್ಲಿನ ತಾಳ. ಮೌನವನ್ನು ಕೆಡಿಸದೆ ಕುಣಿಯುವುದು ಕಲಾವಿದರಿಗೆ ದೊಡ್ಡ ಸಾಧನೆಯೇ. ನಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಆ ನೃತ್ಯ ಗ್ರಂಥಾಲಯದ ನಿಯಮ ಮುರಿಯುವುದಿಲ್ಲ, ಆ ನಿಯಮದ ಒಳಗೇ ಬೆಳೆಯುತ್ತದೆ.

ಉಳಿದರ್ಧ ಉತ್ತರದ ದಾರಿ ಭಾಲ್ಕಿಯಿಂದ ಶುರುವಾಗುತ್ತದೆ. ಬೀದರಿನಿಂದ ಸುಮಾರು 40 ಕಿಲೋಮೀಟರ್ ದೂರದ ಆ ಊರಿನ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಹೆಸರು ಕೇಳದವರು ಈ ಭಾಗದಲ್ಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ರಾಜಭಾಷೆ, ಶಾಲೆಯ ಭಾಷೆಯೂ ಅದೇ. ಕನ್ನಡ ಶಾಲೆ ನಡೆಸುವುದು ಸುಲಭವಿರಲಿಲ್ಲ. ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಪಾಠ ಹೇಳಿಸಿದರು. ಬಡವರ ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕಲಿಸಿದರು. ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರ ಹೆಸರನ್ನೇ ಬೀದರಿನ ಜಿಲ್ಲಾ ರಂಗಮಂದಿರ ಹೊತ್ತಿದೆ.

ಆ ಫಲಕವನ್ನೂ ಆ ಬಾಗಿಲನ್ನೂ ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಒಬ್ಬ ಹುಡುಗ ಬೀದಿಯಿಂದ ಬರುತ್ತಾನೆ. ಫಲಕದ ಕೆಳಗೆ ನಿಂತು ಅತ್ತಿತ್ತ ನೋಡುತ್ತಾನೆ. ಹೊಸ್ತಿಲು ದಾಟಿದ ಮೇಲೆ ಅವನ ಬಾಯಿಗೆ ಮನೆಯ ಮಾತು ಬರುತ್ತದೆ. ಆ ಒಂದು ಹೆಜ್ಜೆಯಲ್ಲಿ ಅಂಜಿಕೆಯೂ ಇದೆ, ನೆಮ್ಮದಿಯೂ ಇದೆ. ಭಾಲ್ಕಿಯ ಗ್ರಂಥಾಲಯದಲ್ಲಿ ನೃತ್ಯ ಕಟ್ಟುವುದಾದರೆ ಅದು ಬಾಗಿಲಲ್ಲೇ ಶುರುವಾಗಬೇಕು. ನೋಡಲು ಬಂದವರು ಹೊರಗೆ ಬೀದಿಯಲ್ಲಿ ನಿಂತಿರಲಿ. ನರ್ತಕರು ಹೊಸ್ತಿಲ ಮೇಲೆ ತಡೆದು ನಿಂತು, ಆಮೇಲೆ ಒಳಗೆ ಸರಿದು ಪುಸ್ತಕ ಬಿಚ್ಚಲಿ. ಪ್ರೇಕ್ಷಕರೂ ಅವರ ಹಿಂದೆ ಅದೇ ಹೊಸ್ತಿಲು ದಾಟಿ ಒಳಗೆ ಬರಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ವಚನ ನೃತ್ಯ ಮಾಡುವ ಮಕ್ಕಳು ಭಾಲ್ಕಿಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಹೆಜ್ಜೆ ಗೊತ್ತು. ತಮ್ಮ ಅಜ್ಜಂದಿರು ಅಕ್ಷರಕ್ಕಾಗಿ ದಾಟಿದ ಬಾಗಿಲು ಯಾವುದು ಎಂದು ಅವರ ಮೈಗೂ ಗೊತ್ತಾಗಬೇಕು.

ಇದು ಉರ್ದುವಿನ ಮೇಲಿನ ಸಿಟ್ಟಾಗಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿಗೆ ಸೇರಿತು. ಉರ್ದು ಓದುವವರು ನಮ್ಮ ನೆರೆಯವರಾಗಿ, ಗೆಳೆಯರಾಗಿ ಇಲ್ಲೇ ಇದ್ದಾರೆ. ಯಾವ ಮಗುವಿಗೂ ತನ್ನ ಭಾಷೆಯನ್ನು ಬಚ್ಚಿಟ್ಟು ಕಲಿಯುವ ಗತಿ ಬರಬಾರದು ಎಂಬುದೇ ಭಾಲ್ಕಿಯ ಬಾಗಿಲು ಕಲಿಸುವ ಪಾಠ. ಅದು ಎಲ್ಲ ಭಾಷೆಗೂ ಸಲ್ಲುತ್ತದೆ.

ಹಾಗೆ ಸಲ್ಲಬೇಕಾದ ಒಂದು ಭಾಷೆ ಔರಾದಿನಲ್ಲಿ ಕಾಯುತ್ತಿದೆ. ಔರಾದ ತಾಲ್ಲೂಕು ಒಂದು ಕಡೆ ಮಹಾರಾಷ್ಟ್ರಕ್ಕೆ, ಇನ್ನೊಂದು ಕಡೆ ತೆಲಂಗಾಣಕ್ಕೆ ತಾಗಿಕೊಂಡಿದೆ. ಸಂತೆಯ ದಿನ ಅಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಅವುಗಳ ನಡುವೆ ತಾಂಡಾಗಳಿಂದ ಬಂದ ಲಂಬಾಣಿ ಹೆಣ್ಮಕ್ಕಳ ಗೋರ್ ಬೋಲಿಯೂ ಇರುತ್ತದೆ. ಆ ಮಾತಿಗೆ ಸ್ವಂತ ಲಿಪಿ ಇಲ್ಲ. ಮದುವೆಯ ಹಾಡು, ತೀಜ್ ಹಬ್ಬದ ಹಾಡು, ಹೋಳಿಯ ಹಾಡು, ಎಲ್ಲವೂ ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬಂದದ್ದು. ಕನ್ನಡಿ ಚೂರು ಹೊಲಿದ ಫೇಟಿಯಾ, ಕಾಂಚಳಿ ತೊಟ್ಟು ಅವರು ಸುತ್ತುಗಟ್ಟಿ, ಬಾಗಿ, ಚಪ್ಪಾಳೆ ತಟ್ಟಿ ಕುಣಿಯುವಾಗ ಒಂದು ಜನಾಂಗದ ನೆನಪೇ ತಿರುಗುತ್ತಿರುತ್ತದೆ. ಗಣರಾಜ್ಯೋತ್ಸವಕ್ಕೆ, ಮೆರವಣಿಗೆಗೆ ನಾವು ಅವರನ್ನು ಕರೆಯುತ್ತೇವೆ. ಗ್ರಂಥಾಲಯಕ್ಕೆ ಮಾತ್ರ ಕರೆಯುವುದಿಲ್ಲ. ಅಲ್ಲಿನ ಕಪಾಟುಗಳಲ್ಲಿ ಅವರ ಹಾಡುಗಳ ಪುಸ್ತಕ ಹುಡುಕಿದರೆ ಸಿಗುವುದೂ ಕಷ್ಟ.

ಔರಾದಿನ ಗ್ರಂಥಾಲಯದಲ್ಲಿ ಆ ತಾಯಂದಿರು ಒಂದು ಸಂಜೆ ಕುಣಿಯಲಿ. ಕುಣಿತ ಮುಗಿದ ಮೇಲೆ ಕಾಲೇಜಿನ ಹುಡುಗ ಹುಡುಗಿಯರು ಅವರ ಪಕ್ಕ ಕೂತು ಆ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ, ಅವರಿಂದಲೇ ಅರ್ಥ ಕೇಳಿ ತಿಳಿಯಲಿ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು ಹಾಕಿ, ಆ ಪ್ರತಿಗೆ ರಟ್ಟು ಕಟ್ಟಿ ಗ್ರಂಥಾಲಯದ ನೋಂದಣಿ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಕೊಡಲಿ. ಆಗ ನೃತ್ಯ ನಡೆದ ಮನೆಯಲ್ಲೇ ನೃತ್ಯದ ಪುಸ್ತಕವೂ ಹುಟ್ಟುತ್ತದೆ. ಕಲ್ಯಾಣದ ದೊರೆ ಅರಮನೆಯಲ್ಲಿ ಕೂತು ಮಾಡಿದ ಕೆಲಸವನ್ನು ಔರಾದಿನ ಮಕ್ಕಳು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಮಾಡಿದಂತಾಗುತ್ತದೆ. ತಾಂಡಾದಿಂದ ಬಂದ ಒಬ್ಬ ಹುಡುಗಿ ಮುಂದೊಂದು ದಿನ ಕಪಾಟಿನಿಂದ ಆ ಪುಸ್ತಕ ತೆಗೆದು ತನ್ನ ಅಜ್ಜಿಯ ಹೆಸರು ಓದುತ್ತಾಳೆ. ನಾನು ಈ ಭಾಷಣಕ್ಕೆ ಒಪ್ಪಿಕೊಂಡದ್ದೇ ಆ ಹುಡುಗಿಯ ಸಲುವಾಗಿ.

ಇಷ್ಟಕ್ಕೂ ಗ್ರಂಥಾಲಯ ಇರುವುದು ಯಾರಿಗಾಗಿ? ಗ್ರಂಥಾಲಯ ಶಾಸ್ತ್ರದ ಗುರು ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಒಂದು ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎಂಬುದು ಅವುಗಳ ಸಾರ. ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂದೂ ಅವರು ಹೇಳಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು ಅಲ್ಲಿ 1962ರಲ್ಲಿ ತರಬೇತಿ ಕೇಂದ್ರವನ್ನೂ ಕಟ್ಟಿದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದಮೇಲೆ ಗ್ರಂಥಾಲಯ ನಮ್ಮೆಲ್ಲರ ದುಡ್ಡಿನಿಂದ ನಡೆಯುವ ಮನೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಈಗ ಅವುಗಳನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತೇವೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡದ್ದೂ ಈ ಗ್ರಂಥಾಲಯಗಳೇ. ಆದರೂ ಮನೆಗೆಲಸ, ಹೊಲದ ಕೆಲಸ ಮುಗಿಸುವ ಹೆಣ್ಮಕ್ಕಳು, ಓದು ಬಾರದ ಹಿರಿಯರು ‘ಅದು ನಮಗಲ್ಲ’ ಎಂದು ಬಾಗಿಲ ಹೊರಗೇ ಉಳಿಯುತ್ತಾರೆ. ಮಗಳು ಕುಣಿಯುತ್ತಾಳೆ ಎಂದರೆ ಆ ತಾಯಿ ಒಳಗೆ ಬರುತ್ತಾಳೆ. ಒಮ್ಮೆ ಒಳಗೆ ಬಂದವಳಿಗೆ ಎರಡನೆಯ ಸಲ ಬರುವುದು ಸುಲಭ. ಹಿರಿಯರ ಪ್ರಶ್ನೆಗೆ ಉಳಿದಿದ್ದ ಅರ್ಧ ಉತ್ತರ ಇದೇ.

ಇನ್ನು ನಡೆಸುವ ವಿಚಾರ. ಓದುಗರಿಗೆ ತೊಂದರೆಯಾಗಬಾರದು. ಪರೀಕ್ಷೆಗೆ ಓದುವ ಮಕ್ಕಳ ಒಂದು ಗಂಟೆಯೂ ಬೆಲೆಯುಳ್ಳದ್ದು. ಆದ್ದರಿಂದ ವಾರದ ರಜಾ ದಿನವನ್ನೋ, ಸಂಜೆ ಬಾಗಿಲು ಹಾಕುವ ಮುಂಚಿನ ಅರ್ಧ ಗಂಟೆಯನ್ನೋ ಆರಿಸಿಕೊಳ್ಳಬೇಕು, ಓದುಗರಿಗೆ ಮೊದಲೇ ತಿಳಿಸಬೇಕು. ಹಳೆಯ ಕಪಾಟುಗಳು ಭಾರ ಹೊತ್ತು ನಿಂತಿರುತ್ತವೆ, ಅವುಗಳ ಮೇಲೆ ಹತ್ತುವುದು, ಒರಗುವುದು ಕೂಡದು. ಹಳೆಯ ಪುಸ್ತಕಗಳನ್ನು ನೃತ್ಯದ ಸಾಮಾನಾಗಿ ಬಳಸಬಾರದು, ಅದಕ್ಕೆ ಖಾಲಿ ನೋಟುಪುಸ್ತಕ ಸಾಕು. ದೀಪ, ಅಗರಬತ್ತಿ, ಯಾವ ಬೆಂಕಿಯೂ ಒಳಗೆ ಬೇಡ. ಹೊರಹೋಗುವ ಬಾಗಿಲಿಗೆ ಯಾರೂ ಅಡ್ಡ ನಿಲ್ಲಬಾರದು. ಒಂದು ಸಲಕ್ಕೆ ಹಿಡಿಸುವಷ್ಟೇ ಜನರನ್ನು ಒಳಗೆ ಬಿಟ್ಟು, ಬೇಕಾದರೆ ಮತ್ತೊಮ್ಮೆ ಆಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೃತ್ಯ ಕಟ್ಟುವವರು ಮೊದಲು ಅಲ್ಲಿನ ಓದುಗರಾಗಬೇಕು. ಸದಸ್ಯತ್ವ ಪಡೆದು, ನಾಲ್ಕು ದಿನ ಅಲ್ಲೇ ಕೂತು ಓದಿ, ಅಲ್ಲಿನ ಸಿಬ್ಬಂದಿಯ ಜತೆ ಮಾತಾಡಿ, ಆಮೇಲೆ ಹೆಜ್ಜೆ ಹಾಕಬೇಕು. ಬೇರೆ ಊರಿನಲ್ಲಿ ಕಲಿತ ತುಣುಕನ್ನು ತಂದು ಕಪಾಟಿನ ಮುಂದೆ ಆಡಿ ಹೋದರೆ ಅದು ಇನ್ನೊಂದು ಸಾಂಸ್ಕೃತಿಕ ಕಾರ್ಯಕ್ರಮವಾಗುತ್ತದೆ, ಅಷ್ಟೇ.

ಖರ್ಚು ದೊಡ್ಡದಲ್ಲ. ವೇದಿಕೆ ಬೇಡ, ಶಾಮಿಯಾನ ಬೇಡ, ಬಣ್ಣದ ದೀಪ ಬೇಡ. ಗ್ರಂಥಪಾಲಕರ ಒಪ್ಪಿಗೆ, ಇಲಾಖೆಯ ಅನುಮತಿ, ಒಬ್ಬ ನೃತ್ಯ ಗುರುವಿನ ಶ್ರದ್ಧೆ, ಹತ್ತು ಮಕ್ಕಳ ಉತ್ಸಾಹ ಇದ್ದರೆ ಸಾಕು.

ಬೀದರ, ಭಾಲ್ಕಿ, ಔರಾದಿನ ಗ್ರಂಥಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ನವೆಂಬರ್ 14ರಿಂದ 20ರವರೆಗೆ ಪ್ರತಿ ವರ್ಷ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಬರುತ್ತದೆ. ಭಾಷಣ, ಪುಸ್ತಕ ಪ್ರದರ್ಶನ ಹೇಗೂ ಇರುತ್ತವೆ. ಆ ಏಳು ದಿನಗಳಲ್ಲಿ ಒಂದು ಸಂಜೆಯ ಅರ್ಧ ಗಂಟೆಯನ್ನು ನಿಮ್ಮ ಊರಿನ ನೃತ್ಯದ ಮಕ್ಕಳಿಗೆ, ತಾಂಡಾದ ತಾಯಂದಿರಿಗೆ ಕೊಡಿ. ನೃತ್ಯ ಗುರುಗಳೇ, ಅವರು ಕರೆಯುವವರೆಗೆ ಕಾಯಬೇಡಿ, ನೀವೇ ಹೋಗಿ ಕೇಳಿ. ಕೇಳುಗರೇ, ಅಂದು ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಗ್ರಂಥಾಲಯಕ್ಕೆ ಹೋಗಿ. ನೃತ್ಯ ನೋಡಿ ಬರುವಾಗ ಸದಸ್ಯತ್ವದ ಅರ್ಜಿಯನ್ನೂ ತುಂಬಿ, ಓದಲು ಒಂದು ಪುಸ್ತಕವನ್ನು ಪಡೆದುಕೊಂಡು ಬನ್ನಿ.